‘ತಾತ್ಕಾಲಿಕ’, ‘ದೀರ್ಘಕಾಲದ’, ‘ಸತತ’: ಇಂಗ್ಲಿಷಿನಲ್ಲಿ ಬರೆಯುವಾಗ ಯಾವ ಪದ ಎಲ್ಲಿಗೆ?

ಕಡತಮಿತ್ರ (ಪ್ರಶ್ನೆ)

ಸುತ್ತೋಲೆ, ನಡಾವಳಿ, ಪತ್ರಿಕಾ ಟಿಪ್ಪಣಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡುವಾಗ ಕಾಲಾವಧಿ ಹೇಳುವ ವಿಶೇಷಣಗಳಲ್ಲೇ ಹೆಚ್ಚು ತಕರಾರು ಬರುತ್ತಿದೆ. ನಿಘಂಟು ತೆಗೆದರೆ ನಾಲ್ಕು ಇಂಗ್ಲಿಷ್ ಪದಕ್ಕೂ ಒಂದೇ ಕನ್ನಡ ಅರ್ಥ ಕೊಟ್ಟಿರುತ್ತಾರೆ. ಸದ್ಯ ಮುಂದಿರುವ ವಾಕ್ಯಗಳು:

1. ತಾತ್ಕಾಲಿಕ ಆಯ್ಕೆ ಪಟ್ಟಿಗೆ ಏಳು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು.
2. ನೆರೆ ಸಂತ್ರಸ್ತರಿಗೆ ತಾತ್ಕಾಲಿಕ ಶೆಡ್ ನಿರ್ಮಿಸಲಾಗಿದೆ.
3. ಕಾಮಗಾರಿಗೆ ನ್ಯಾಯಾಲಯ ತಾತ್ಕಾಲಿಕ ತಡೆ ನೀಡಿದೆ.
4. ಹಂಗಾಮಿ ಅಧ್ಯಕ್ಷರು ಸಭೆ ನಡೆಸಿದರು.
5. ಇದು ಈ ಭಾಗದ ರೈತರ ದೀರ್ಘಕಾಲದ ಬೇಡಿಕೆ.
6. ದೀರ್ಘಕಾಲದ ಕಾಯಿಲೆ ಇರುವವರಿಗೆ ತಪಾಸಣಾ ಶಿಬಿರ.
7. ತಾಲ್ಲೂಕಿನಲ್ಲಿ ಸತತ ಮೂರನೇ ವರ್ಷ ಮಳೆ ಕೈಕೊಟ್ಟಿದೆ.
8. ನಿರಂತರ ವಿದ್ಯುತ್ ಕಡಿತದಿಂದ ಪಂಪ್‌ಸೆಟ್ ಮೋಟಾರುಗಳು ಸುಡುತ್ತಿವೆ.

ಕರಡಿನಲ್ಲಿ ಮೊದಲ ನಾಲ್ಕಕ್ಕೂ ‘ಟೆಂಪರರಿ’, ಐದು ಆರಕ್ಕೆ ‘ಲಾಂಗ್-ಟರ್ಮ್’, ಏಳು ಎಂಟಕ್ಕೆ ‘ಕಂಟಿನ್ಯುಯಸ್’ ಎಂದು ಹಾಕಲಾಗಿದೆ. ಯಾವುದು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ, ಯಾಕೆ? ‘ಇದು ಕೇಳಲು ಚೆನ್ನಾಗಿದೆ’ ಅನ್ನುವ ಉತ್ತರ ಬೇಡ. ಮುಂದಿನ ಸಲ ನಾವೇ ಆರಿಸಿಕೊಳ್ಳುವಂಥ ಲೆಕ್ಕ ಬೇಕು.

---

ಧಾರವಾಡದ ಅನುವಾದಕಿ

ಎಂಟರಲ್ಲಿ ನಿಲ್ಲುವುದು ಎರಡನೆಯದು ಮಾತ್ರ. ಶೆಡ್ಡು ‘ಟೆಂಪರರಿ’. ಉಳಿದವನ್ನೆಲ್ಲ ತಿದ್ದಬೇಕು.

‘ಎಷ್ಟು ಕಾಲ’ ಎಂದು ಕೇಳಿಕೊಂಡು ಪದ ಹುಡುಕಿದರೆ ಟೆಂಪರರಿ, ಪ್ರೊವಿಜನಲ್, ಇಂಟೆರಿಮ್ ಮೂರೂ ಒಂದೇ ರಾಶಿಗೆ ಬೀಳುತ್ತವೆ. ಕೇಳಬೇಕಾದ್ದು ‘ಇದು ಹೇಗೆ ಮುಗಿಯುತ್ತದೆ’ ಎಂದು.

ಬಳಕೆ ತೀರಿದ ಮೇಲೆ ತೆಗೆದುಹಾಕುವಂಥದ್ದು ‘ಟೆಂಪರರಿ’: ಶೆಡ್ಡು, ಬದಲಿ ರಸ್ತೆ, ಮೂರು ತಿಂಗಳ ಕೆಲಸ. ಅದರ ಜಾಗಕ್ಕೆ ಇನ್ನೊಂದು ಬರಲೇಬೇಕು ಅಂತೇನೂ ಇಲ್ಲ.

ಯಾರೋ ಪರಿಶೀಲಿಸಿ ‘ಸರಿ’ ಅನ್ನುವವರೆಗೆ ಇರುವುದು ‘ಪ್ರೊವಿಜನಲ್’. ಆಮೇಲೆ ಅದು ಬದಲಾಗಬಹುದು, ಅಥವಾ ಒಂದಕ್ಷರವೂ ಬದಲಾಗದೆ ಅಂತಿಮವೂ ಆಗಬಹುದು. ಆಕ್ಷೇಪಣೆ ಕರೆದಿರುವ ಆಯ್ಕೆ ಪಟ್ಟಿ ಇದೇ. ಪ್ರವೇಶ ಪರೀಕ್ಷೆಗಳ ತಾತ್ಕಾಲಿಕ ಸರಿಯುತ್ತರ, ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಕೂಡ ಇದೇ ಸಾಲಿಗೆ ಸೇರುತ್ತವೆ. ಘಟಿಕೋತ್ಸವಕ್ಕೆ ಮುಂಚೆ ವಿಶ್ವವಿದ್ಯಾಲಯ ಕೊಡುವ ಪಿಡಿಸಿ ಎಂಬ ಪದವಿ ಪ್ರಮಾಣಪತ್ರದಲ್ಲಿ ‘ಪಿ’ ಎಂದರೆ ಪ್ರೊವಿಜನಲ್. ಅದನ್ನು ‘ಟೆಂಪರರಿ ಡಿಗ್ರಿ ಸರ್ಟಿಫಿಕೇಟ್’ ಎಂದು ಬರೆದು ಹೊರದೇಶದ ಕಾಲೇಜಿಗೆ ಕಳಿಸಿದರೆ, ಇವರ ಪದವಿಗೇ ವಾಯಿದೆ ಇದೆಯೇನೋ ಎಂದು ಓದುವವರು ಗಾಬರಿಯಾಗುತ್ತಾರೆ. ಪದವಿ ಪೂರ್ತಿ ಬಂದಾಗಿದೆ, ಮೂಲ ಪತ್ರ ಕೈಗೆ ಬರುವುದಷ್ಟೇ ಬಾಕಿ.

‘ಇಂಟೆರಿಮ್’ ಎಂದರೆ ಎರಡರ ನಡುವೆ ನಿಂತಿರುವುದು. ಮುಂದೆ ಬರಬೇಕಾದ ಇನ್ನೊಂದು ಆದೇಶವೋ ಬಜೆಟ್ಟೋ ವರದಿಯೋ ಇದೆ, ಅಲ್ಲಿಯವರೆಗೆ ಇದು ನಡೆಯುತ್ತದೆ. ಕನ್ನಡದಲ್ಲಿ ಇದಕ್ಕೆ ‘ಮಧ್ಯಂತರ’ ಎಂಬ ಒಳ್ಳೆಯ ಪದವೇ ಇದೆ, ಆದರೂ ಅವಸರದಲ್ಲಿ ‘ತಾತ್ಕಾಲಿಕ’ ಎಂದು ಬರೆದುಬಿಡುತ್ತೇವೆ. ಚುನಾವಣೆಯ ವರ್ಷ ಫೆಬ್ರುವರಿಯಲ್ಲಿ ಬರುವ ಕೇಂದ್ರ ಬಜೆಟ್ ಇಂಟೆರಿಮ್. 2019, 2024ರಲ್ಲಿ ಬಂದದ್ದು ಅದು.

ಇಂಟೆರಿಮ್ ಅಂದರೆ ಚಿಕ್ಕ ಅವಧಿ ಎಂದು ಮಾತ್ರ ತಿಳಿಯಬೇಡಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದದ್ದು 1991ರ ಜೂನ್‌ನಲ್ಲಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಎಂದು. ಅಂತಿಮ ತೀರ್ಪು ಬಂದದ್ದು 2007ರ ಫೆಬ್ರುವರಿಯಲ್ಲಿ. ನಡುವಿನ ಹದಿನೈದು ವರ್ಷಕ್ಕೂ ಮೇಲ್ಪಟ್ಟ ಕಾಲ ಅದು ಇಂಟೆರಿಮ್ ಆಗಿಯೇ ಇತ್ತು. ‘ಟೆಂಪರರಿ’ಯ ಕಥೆಯೂ ಹೀಗೇ. ಸಂವಿಧಾನದ 370ನೇ ವಿಧಿಯ ತಲೆಬರಹದಲ್ಲಿಯೇ ಆ ಪದ ಇದ್ದರೂ 2019ರವರೆಗೆ ನಡೆಯಿತು. ವರ್ಷಗಳ ಲೆಕ್ಕ ಹಿಡಿದು ಹೊರಟರೆ ಇವೆರಡಕ್ಕೂ ‘ಲಾಂಗ್-ಟರ್ಮ್’ ಎಂದೇ ಬರೆಯಬೇಕಾಗುತ್ತಿತ್ತು!

ಅದೇ 370 ಇರುವ 21ನೇ ಭಾಗದ ಶೀರ್ಷಿಕೆ ‘ಟೆಂಪರರಿ, ಟ್ರಾನ್ಸಿಶನಲ್ ಅಂಡ್ ಸ್ಪೆಷಲ್ ಪ್ರಾವಿಜನ್ಸ್’. ‘ಟ್ರಾನ್ಸಿಶನಲ್’ ಎಂದರೆ ಹಳೆ ವ್ಯವಸ್ಥೆಯಿಂದ ಹೊಸದಕ್ಕೆ ದಾಟಿಸುವಂಥದ್ದು. ಕಲ್ಯಾಣ ಕರ್ನಾಟಕದ 371-ಜೆ ಇರುವುದೂ ಇದೇ ಭಾಗದಲ್ಲಿ, ಆದರೆ ಅದು ‘ಸ್ಪೆಷಲ್’ ಪಂಗಡದ್ದು. ಅದನ್ನು ‘ತಾತ್ಕಾಲಿಕ ಮೀಸಲಾತಿ’ ಎಂದು ಕರೆಯುವುದನ್ನು ಕೇಳಿದ್ದರೆ, ಕಾರಣ ಈ ಶೀರ್ಷಿಕೆಯನ್ನು ಅರ್ಧ ಓದಿರುವುದು.

---

ಕೋರ್ಟ್‌ಹಾಲ್ 4

ಮೇಡಂ ಹೇಳಿದ್ದಕ್ಕೆ ಮೂರನೇ ವಾಕ್ಯದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಕಾನೂನಿನ ಪದಗಳನ್ನು ಅರ್ಥ ನೋಡಿ ಆರಿಸುವ ಹಾಗಿಲ್ಲ, ಕಾಯ್ದೆಯಲ್ಲಿ ಇರುವುದನ್ನೇ ಎತ್ತಿಕೊಳ್ಳಬೇಕು.

ಮೊದಲು ಆದೇಶದ ಪ್ರತಿ ನೋಡಿ. ‘ತಡೆ’ ಎಂದರೆ ‘ಸ್ಟೇ’ ಇರಬಹುದು, ‘ಇಂಜಂಕ್ಷನ್’ ಇರಬಹುದು. ಅಧಿಕಾರಿಯ ಆದೇಶವೋ ಕೆಳ ನ್ಯಾಯಾಲಯದ ತೀರ್ಪೋ ಜಾರಿಯಾಗದಂತೆ ನಿಲ್ಲಿಸಿದ್ದರೆ ಸ್ಟೇ. ಒಬ್ಬ ವ್ಯಕ್ತಿಗೆ ‘ನೀನು ಇದನ್ನು ಮಾಡಬೇಡ’ ಎಂದಿದ್ದರೆ ಇಂಜಂಕ್ಷನ್. ಸ್ಟೇ ಆದರೆ ‘ಇಂಟೆರಿಮ್ ಸ್ಟೇ’ ಎಂದೇ ರೂಢಿ. ಇಂಜಂಕ್ಷನ್ ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 37ನೇ ಕಲಮು ಎರಡೇ ಬಗೆ ಹೇಳುತ್ತದೆ: ‘ಟೆಂಪರರಿ’ ಮತ್ತು ‘ಪರ್ಪೆಚುಯಲ್’. ಟೆಂಪರರಿ ಇರುವುದು ಗೊತ್ತುಪಡಿಸಿದ ದಿನದವರೆಗೆ ಅಥವಾ ಮುಂದಿನ ಆದೇಶದವರೆಗೆ. ಪರ್ಪೆಚುಯಲ್ ಬರುವುದು ದಾವೆಯ ಗುಣಾವಗುಣ ವಿಚಾರಿಸಿದ ಮೇಲೆ, ಡಿಕ್ರಿಯಲ್ಲಿ. ನಮ್ಮ ಕಡೆಯ ದಾವಾ ಅರ್ಜಿಗಳಲ್ಲಿ ‘ಪರ್ಮನೆಂಟ್ ಇಂಜಂಕ್ಷನ್’ ಎಂದು ಬರೆಯುವುದು ಎಷ್ಟು ಸಾಮಾನ್ಯವೆಂದರೆ ಯಾರೂ ತಕರಾರು ಮಾಡುವುದಿಲ್ಲ. ಆದರೂ ಕಾಯ್ದೆಯ ಪದ ಪರ್ಪೆಚುಯಲ್.

ಎದುರು ಪಕ್ಷವನ್ನು ಕೇಳುವ ಮುಂಚೆಯೇ ಕೊಟ್ಟದ್ದಾದರೆ ‘ಆಡ್ ಇಂಟೆರಿಮ್’. ಇದನ್ನು ಬರೀ ಇಂಟೆರಿಮ್ ಎಂದು ಬರೆದರೆ ಇಬ್ಬರ ವಾದವೂ ಮುಗಿದಿದೆ ಎಂಬ ಭಾವನೆ ಬರುತ್ತದೆ. ಪತ್ರಿಕಾ ಟಿಪ್ಪಣಿಯಲ್ಲಿ ಈ ತಪ್ಪು ಬಹಳ ಕಾಣುತ್ತದೆ.

ಮತ್ತೊಂದು ಉದಾಹರಣೆ: ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲಿ ಆಸ್ತಿ ಮುಟ್ಟುಗೋಲು ‘ಪ್ರೊವಿಜನಲ್ ಅಟ್ಯಾಚ್‌ಮೆಂಟ್’. ಹೆಚ್ಚೆಂದರೆ 180 ದಿನ, ಅಷ್ಟರೊಳಗೆ ನ್ಯಾಯನಿರ್ಣಯ ಪ್ರಾಧಿಕಾರ ದೃಢಪಡಿಸಬೇಕು. ದೃಢಪಟ್ಟರೆ ಅದೇ ಮುಟ್ಟುಗೋಲು ಮುಂದುವರಿಯುತ್ತದೆ. ಪೇಪರಿನವರು ‘ತಾತ್ಕಾಲಿಕವಾಗಿ ಮುಟ್ಟುಗೋಲು’ ಎಂದು ಬರೆದದ್ದನ್ನು ತಿರುಗಿ ಇಂಗ್ಲಿಷಿಗೆ ‘ಟೆಂಪರರಿಲಿ’ ಎಂದು ಮಾಡಿದರೆ, ಸ್ವಲ್ಪ ದಿನ ಬಿಟ್ಟು ವಾಪಸು ಕೊಟ್ಟುಬಿಡುತ್ತಾರೆ ಎಂದು ಅರ್ಥವಾಗುತ್ತದೆ.

ನಾಲ್ಕನೆಯದು, ಹಂಗಾಮಿ ಅಧ್ಯಕ್ಷ. ‘ಟೆಂಪರರಿ ಪ್ರೆಸಿಡೆಂಟ್’ ಅಂತೂ ಅಲ್ಲ. ಹುದ್ದೆಯಲ್ಲಿ ಇರಬೇಕಾದವರು ರಜೆಯಲ್ಲಿದ್ದಾರೆ ಅಥವಾ ಜಾಗ ಖಾಲಿ ಇದೆ, ಇವರು ಆ ಅಧಿಕಾರ ಚಲಾಯಿಸುತ್ತಿದ್ದಾರೆ ಎಂದರೆ ‘ಆಕ್ಟಿಂಗ್’. ತನ್ನ ಹುದ್ದೆಯ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಿದ್ದರೆ, ಅಂದರೆ ಕನ್ನಡದಲ್ಲಿ ‘ಪ್ರಭಾರ’ ಎಂದಿದ್ದರೆ, ‘ಇನ್-ಚಾರ್ಜ್’. ಹೊಸಬರ ಹುಡುಕಾಟ ನಡೆದಿದೆ, ಅಲ್ಲಿಯವರೆಗೆ ಎಂದು ನೇಮಿಸಿದ್ದರೆ ‘ಇಂಟೆರಿಮ್’. ವಿಧಾನಸಭೆಯ ಹಂಗಾಮಿ ಸ್ಪೀಕರ್ ‘ಪ್ರೊ ಟೆಮ್’, ರಾಜೀನಾಮೆ ಕೊಟ್ಟು ಮುಂದುವರಿಯುವ ಹಂಗಾಮಿ ಮುಖ್ಯಮಂತ್ರಿ ‘ಕೇರ್‌ಟೇಕರ್’. ಹಂಗಾಮಿ ಒಂದೇ, ಇಂಗ್ಲಿಷಿನಲ್ಲಿ ಐದು ಕುರ್ಚಿ. ಜಿಲ್ಲಾ ಉಸ್ತುವಾರಿ ಸಚಿವರೂ ‘ಇನ್-ಚಾರ್ಜ್’ ಆಗಿರುವುದರಿಂದ ಪ್ರಭಾರದವರ ಜೊತೆ ಗೊಂದಲವಾಗದಂತೆ ವಾಕ್ಯ ಕಟ್ಟಿ. ಉಸ್ತುವಾರಿಯಲ್ಲಿ ಅವಧಿಯ ಮಾತೇ ಇಲ್ಲ.

---

ಕಡತಮಿತ್ರ

ಇಬ್ಬರಿಗೂ ಧನ್ಯವಾದ. ತಾತ್ಕಾಲಿಕದ ಲೆಕ್ಕ ಸಿಕ್ಕಿತು. ‘ಅಡ್‌ಹಾಕ್’ ಎಲ್ಲಿ ಬರುತ್ತದೆ? ಇನ್ನು ದೀರ್ಘಕಾಲ, ಸತತ, ನಿರಂತರ ಬಾಕಿ.

---

ತೀರ್ಥಹಳ್ಳಿ ಮೇಷ್ಟ್ರು

ಅಡ್‌ಹಾಕ್ ಎಂದರೆ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಎಂದು. ಅವಧಿಯ ಪದ ಅಲ್ಲ. ಸೇವಾ ನಿಯಮಗಳಲ್ಲಿ ‘ಅಡ್‌ಹಾಕ್ ನೇಮಕ’ ಎಂದಿದ್ದರೆ ಹಾಗೇ ಇಡಿ, ಬೇರೆ ಕಡೆ ಟೆಂಪರರಿಗೆ ಬದಲಾಗಿ ತುರುಕಬೇಡಿ.

‘ದೀರ್ಘಕಾಲದ’ ಎನ್ನುವುದಕ್ಕೆ ಮೊದಲು ದಿಕ್ಕು ನೋಡಿ. ಹಿಂದಿನಿಂದ ಇವತ್ತಿನವರೆಗೆ ಬಂದಿದ್ದರೆ ‘ಲಾಂಗ್-ಸ್ಟ್ಯಾಂಡಿಂಗ್’. ಇವತ್ತಿನಿಂದ ಮುಂದಕ್ಕೆ ಚಾಚಿದ್ದರೆ ‘ಲಾಂಗ್-ಟರ್ಮ್’. ರೈತರ ಬೇಡಿಕೆ ಲಾಂಗ್-ಸ್ಟ್ಯಾಂಡಿಂಗ್. ಅದನ್ನು ‘ಲಾಂಗ್-ಟರ್ಮ್ ಡಿಮ್ಯಾಂಡ್’ ಎಂದರೆ ಇನ್ನು ಹತ್ತು ವರ್ಷ ಮಾರುಕಟ್ಟೆಯಲ್ಲಿ ಸರಕಿಗೆ ಇರುವ ಬೇಡಿಕೆ ಎಂದು ಅರ್ಥಶಾಸ್ತ್ರದವರು ಓದಿಕೊಳ್ಳುತ್ತಾರೆ. ನೀರಾವರಿ ಯೋಜನೆ, ಸಾಲ, ಹೂಡಿಕೆ ಇವು ಲಾಂಗ್-ಟರ್ಮ್. ಪರಿಣಾಮ ಉಳಿದುಕೊಂಡಿದ್ದರೆ ‘ಲಾಸ್ಟಿಂಗ್’. ಬ್ಯಾಟರಿ, ಬಣ್ಣ ಮುಂತಾದ ಸರಕಿಗೆ ‘ಲಾಂಗ್-ಲಾಸ್ಟಿಂಗ್’.

ಎಳೆದದ್ದಕ್ಕೆ ನಾಲ್ಕು ಪದ. ಅಂದುಕೊಂಡದ್ದಕ್ಕಿಂತ, ಅಥವಾ ಸಹಜವಾಗಿ ಇರಬೇಕಾದ್ದಕ್ಕಿಂತ, ಹೆಚ್ಚು ಕಾಲ ನಡೆದರೆ ‘ಪ್ರೊಲಾಂಗ್ಡ್’: ಅನಾವೃಷ್ಟಿ, ಗೈರುಹಾಜರಿ, ಹೆರಿಗೆ ನೋವು. ಯಾರೋ ತೀರ್ಮಾನ ಮಾಡಿ ಮುಂದಕ್ಕೆ ಹಾಕಿದ್ದರೆ ‘ಎಕ್ಸ್‌ಟೆಂಡೆಡ್’: ಅರ್ಜಿಯ ಕೊನೆ ದಿನ, ವಾರಂಟಿ. ಮುಗಿಯಬೇಕಾದ್ದು ಮುಗಿಯದೆ ಜಗ್ಗಾಡುತ್ತಿದ್ದರೆ ‘ಪ್ರೊಟ್ರ್ಯಾಕ್ಟೆಡ್’: ವ್ಯಾಜ್ಯ, ಸಂಧಾನ, ಯುದ್ಧ. ಇದರಲ್ಲಿ ಬೇಸರ ಬೆರೆತೇ ಇರುತ್ತದೆ, ಆದ್ದರಿಂದ ನಿಮ್ಮದೇ ಇಲಾಖೆಯ ಪ್ರಕ್ರಿಯೆಗೆ ಈ ಪದ ಹಾಕಿದರೆ ನೀವೇ ನಿಮ್ಮನ್ನು ದೂರಿದ ಹಾಗೆ. ‘ಲೆಂಗ್ತಿ’ ಭಾಷಣಕ್ಕೆ, ವರದಿಗೆ, ಕಾರ್ಯವಿಧಾನಕ್ಕೆ. ಬೇಸರ ಇದೆ, ಸ್ವಲ್ಪ ಕಡಿಮೆ. ನಿಧನ ವಾರ್ತೆಯಲ್ಲಿ ‘ದೀರ್ಘಕಾಲದ ಅನಾರೋಗ್ಯ’ ಬಂದರೆ ‘ಪ್ರೊಲಾಂಗ್ಡ್ ಇಲ್‌ನೆಸ್’ ಅಥವಾ ಸುಮ್ಮನೆ ‘ಲಾಂಗ್ ಇಲ್‌ನೆಸ್’ ಸಾಕು. ಅಲ್ಪಕಾಲದ್ದಾದರೆ ‘ಬ್ರೀಫ್’.

ಚಿಕ್ಕ ಅವಧಿಯ ಪದಗಳಲ್ಲಿ ಎಡವುವುದು ಮುಖ್ಯವಾಗಿ ಒಂದೇ ಕಡೆ. ‘ಶಾರ್ಟ್-ಟರ್ಮ್’ ಎಂದರೆ ಮೊದಲೇ ಅಷ್ಟಕ್ಕೇ ಎಂದು ಗೊತ್ತುಮಾಡಿದ್ದು. ‘ಶಾರ್ಟ್-ಲಿವ್ಡ್’ ಎಂದರೆ ಬಾಳಬೇಕಿತ್ತು, ಬಾಳಲಿಲ್ಲ. 2007ರ ನವೆಂಬರಿನಲ್ಲಿ ಒಂದು ವಾರ, 2018ರ ಮೇ ತಿಂಗಳಲ್ಲಿ ಮೂರನೆಯ ದಿನಕ್ಕೇ ರಾಜೀನಾಮೆ, ಎರಡೂ ಸಲ ರಾಜ್ಯ ಸರ್ಕಾರ ‘ಶಾರ್ಟ್-ಲಿವ್ಡ್’. ‘ಶಾರ್ಟ್-ಟರ್ಮ್ ಸರ್ಕಾರ’ ಎಂದರೆ ಪ್ರಮಾಣವಚನದ ದಿನವೇ ವಾರದ ಗಡುವು ಹಾಕಿಕೊಂಡಿದ್ದರು ಎಂದಾಗುತ್ತದೆ. ಕೆಲವು ಕಡೆ ಕಾನೂನೇ ಸಂಖ್ಯೆ ಕೊಟ್ಟಿರುತ್ತದೆ. ಆದಾಯ ತೆರಿಗೆಯಲ್ಲಿ 2024ರ ಜುಲೈ 23ರ ನಂತರ ಮಾರಿದ ಆಸ್ತಿಗೆ, ಪಟ್ಟಿಯಲ್ಲಿರುವ ಷೇರುಗಳಾದರೆ 12 ತಿಂಗಳವರೆಗೆ, ಜಮೀನು ಮನೆಯಾದರೆ 24 ತಿಂಗಳವರೆಗೆ ಇಟ್ಟುಕೊಂಡಿದ್ದರೆ ಅದು ಶಾರ್ಟ್-ಟರ್ಮ್. ಅಲ್ಲಿ ನಮ್ಮ ಭಾಷಾಜ್ಞಾನಕ್ಕೆ ಕೆಲಸವಿಲ್ಲ.

ಈಗ ‘ಸತತ’. ಕನ್ನಡದವರ ಇಂಗ್ಲಿಷಿನಲ್ಲಿ ಇದು ಮನೆಮಾಡಿಕೊಂಡಿರುವ ತಪ್ಪು. ನಮ್ಮ ‘ಸತತ’ ಎರಡು ಕೆಲಸ ಮಾಡುತ್ತದೆ. ‘ಸತತ ಎಂಟು ಗಂಟೆ ಮಳೆ’ ಎಂದರೆ ಬಿಡುವಿಲ್ಲದ್ದು, ಅದು ‘ಕಂಟಿನ್ಯುಯಸ್’. ‘ಸತತ ಮೂರನೇ ವರ್ಷ’ ಎಂದರೆ ಒಂದರ ಹಿಂದೆ ಒಂದು ಎಣಿಸಿದ್ದು, ಅದು ‘ಕನ್ಸೆಕ್ಯುಟಿವ್’. ಎಣಿಕೆ ಇದ್ದ ಕಡೆ ಕಂಟಿನ್ಯುಯಸ್ ಬರಲೇಬಾರದು. ‘ಥರ್ಡ್ ಕನ್ಸೆಕ್ಯುಟಿವ್ ಇಯರ್’, ‘ತ್ರೀ ಕನ್ಸೆಕ್ಯುಟಿವ್ ವಿನ್ಸ್’ ಎರಡೂ ಸರಿ. ‘ಕಂಟಿನ್ಯುಯಸ್ ಥರ್ಡ್ ಟೈಮ್’ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

‘ಕಂಟಿನ್ಯುಯಸ್’ ಮತ್ತು ‘ಕಂಟಿನ್ಯುವಲ್’ ಬೇರೆ ಬೇರೆ. ಮೊದಲನೆಯದಕ್ಕೆ ನಡುವೆ ಬಿರುಕಿಲ್ಲ, ಎರಡನೆಯದು ಬಿಟ್ಟು ಬಿಟ್ಟು ಆದರೂ ನಿಲ್ಲದೆ ಮರುಕಳಿಸುವುದು. ಹಾಗಾಗಿ ಎಂಟನೇ ವಾಕ್ಯದಲ್ಲಿ ‘ಕಂಟಿನ್ಯುವಲ್ ಪವರ್ ಕಟ್ಸ್’.

---

ಧಾರವಾಡದ ಅನುವಾದಕಿ

ಮೇಷ್ಟ್ರೇ, ಕೊನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ. ವ್ಯತ್ಯಾಸ ನಿಜ, ವ್ಯಾಕರಣದ ಪುಸ್ತಕದಲ್ಲಿಯೂ ಇದೆ. ಆದರೆ ಓದುವವರಲ್ಲಿ ಅರ್ಧ ಜನ ಎರಡನ್ನೂ ಒಂದೇ ಎಂದು ಓದುತ್ತಾರೆ, ಕೆಲವರು ಕಂಟಿನ್ಯುವಲ್ ಎನ್ನುವುದು ಬೆರಳಚ್ಚಿನ ತಪ್ಪು ಎಂದು ತಿದ್ದಿಯೂ ಬಿಡುತ್ತಾರೆ. ಕಚೇರಿಯ ಬರಹದಲ್ಲಿ ಒಂದಕ್ಷರದ ಮೇಲೆ ಅರ್ಥವನ್ನು ನೇತುಹಾಕುವುದು ಯಾಕೆ? ‘ಫ್ರೀಕ್ವೆಂಟ್’ ಅಥವಾ ‘ರಿಪೀಟೆಡ್’ ಎಂದು ಬರೆದರೆ ಗೊಂದಲವೇ ಇಲ್ಲ.

ಕಾನೂನಿನಲ್ಲಂತೂ ಕಂಟಿನ್ಯುಯಸ್‌ಗೂ ಬಿರುಕು ಇರಬಹುದು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆಯ ‘ಕಂಟಿನ್ಯುಯಸ್ ಸರ್ವಿಸ್’ ನಡುವೆ ಕಾಯಿಲೆ, ಅಪಘಾತ, ರಜೆ, ಲೇಆಫ್ ಬಂದರೂ ತುಂಡಾಗುತ್ತಿರಲಿಲ್ಲ. ಸಾಮಾನ್ಯ ಕೆಲಸಗಾರರಿಗೆ ವರ್ಷದಲ್ಲಿ 240 ದಿನ ದುಡಿದರೆ ಆ ವರ್ಷ ಪೂರ್ತಿ ಎಂದು ಲೆಕ್ಕವಿತ್ತು.

---

ಫೀಡರ್ 11ಕೆವಿ

ಎಂಟನೇ ವಾಕ್ಯಕ್ಕೆ ವ್ಯಾಕರಣಕ್ಕಿಂತ ಮುಂಚೆ ವಿಷಯವೇ ಸರಿಹೋಗಬೇಕು. ‘ಕಂಟಿನ್ಯುಯಸ್ ಪವರ್ ಕಟ್’ ಎಂದರೆ ಕರೆಂಟೇ ಇಲ್ಲ. ಕರೆಂಟೇ ಇಲ್ಲದ ಮೋಟಾರು ಸುಡುವುದು ಹೇಗೆ? ಸುಡುವುದು ವೋಲ್ಟೇಜ್ ಇಳಿದಾಗ, ಏರಿಳಿದಾಗ, ಮೂರು ಫೇಸ್‌ನಲ್ಲಿ ಒಂದು ಹೋದಾಗ, ಅಥವಾ ಪದೇ ಪದೇ ಹೋಗಿ ಬಂದು ಮೋಟಾರು ಸಾಲಾಗಿ ಸ್ಟಾರ್ಟ್ ಆದಾಗ. ಸ್ಟಾರ್ಟ್ ಆಗುವ ಪ್ರತಿಸಲ ಸಾಮಾನ್ಯಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ತಣ್ಣಗಾಗಲು ಬಿಡುವು ಸಿಗುವುದಿಲ್ಲ. ಆದ್ದರಿಂದ ‘ಫ್ರೀಕ್ವೆಂಟ್ ಇಂಟರಪ್ಷನ್ಸ್ ಅಂಡ್ ವೋಲ್ಟೇಜ್ ಫ್ಲಕ್ಚುಯೇಷನ್ಸ್’ ಎಂದು ಬರೆಯಿರಿ. ಎರಡರಲ್ಲಿ ಯಾವುದು ನಿಮ್ಮ ಊರಿನ ತೊಂದರೆ ಎಂದು ಶಾಖಾಧಿಕಾರಿಯನ್ನು ಕೇಳಿಯೇ ಬರೆಯಿರಿ.

ನಮ್ಮ ಕ್ಷೇತ್ರದಲ್ಲಿ ಈ ವಿಶೇಷಣಗಳಿಗೆ ಸೆಕೆಂಡಿನ ಲೆಕ್ಕ ಇದೆ. ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ 1159 ಮಾನಕದಲ್ಲಿ ಕರೆಂಟ್ 3 ಸೆಕೆಂಡಿನೊಳಗೆ ಹೋಗಿ ಬಂದರೆ ‘ಮೊಮೆಂಟರಿ’, 3 ಸೆಕೆಂಡಿನಿಂದ 1 ನಿಮಿಷದವರೆಗೆ ‘ಟೆಂಪರರಿ’, ಅದರಾಚೆ ‘ಸಸ್ಟೇನ್ಡ್’. ಅದೇ ಸಂಸ್ಥೆಯ 1366 ಮಾನಕದಲ್ಲಿ ಮೊಮೆಂಟರಿಯ ಗಡಿ 5 ನಿಮಿಷ, ದಾಟಿದರೆ ಸಸ್ಟೇನ್ಡ್, ಟೆಂಪರರಿಗೆ ಜಾಗವೇ ಇಲ್ಲ. ಮೊದಲನೆಯದು ವಿದ್ಯುತ್ತಿನ ಗುಣಮಟ್ಟ ಅಳೆಯಲು, ಎರಡನೆಯದು ವಿತರಣಾ ಜಾಲ ಎಷ್ಟು ನಂಬಿಕಸ್ಥ ಎಂದು ಅಳೆಯಲು. ನಾಲ್ಕು ನಿಮಿಷ ಕರೆಂಟ್ ಹೋದರೆ ಒಂದರಲ್ಲಿ ಸಸ್ಟೇನ್ಡ್, ಇನ್ನೊಂದರಲ್ಲಿ ಮೊಮೆಂಟರಿ. ತಾಂತ್ರಿಕ ವರದಿ ಅನುವಾದಿಸುವಾಗ ಯಾವ ಮಾನಕ ಎಂದು ಮೊದಲ ಪುಟದಲ್ಲಿ ಹುಡುಕಿ.

ಹಾಗೇ ‘ಮೊಮೆಂಟರಿ ಸ್ವಿಚ್’ ಎಂದರೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಸ್ವಿಚ್, ಮನೆಯ ಕಾಲಿಂಗ್ ಬೆಲ್‌ನದು. ಬೆರಳು ಐದು ನಿಮಿಷ ಇಟ್ಟರೂ ಅದು ಮೊಮೆಂಟರಿಯೇ.

---

ಪಿಎಚ್‌ಸಿ ಡೆಸ್ಕ್

ಆರನೇ ವಾಕ್ಯ: ‘ಕ್ರಾನಿಕ್’. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆಗೆಲ್ಲ ಅದೇ. ವೈದ್ಯಕೀಯದಲ್ಲಿ ಈ ಪದಗಳು ಗಡಿ ಹಾಕಿಕೊಂಡಿವೆ. ಮೂತ್ರಪಿಂಡದ ದೋಷ 3 ತಿಂಗಳು ಮೀರಿದರೆ ಕ್ರಾನಿಕ್. ನೋವೂ 3 ತಿಂಗಳು ಮೀರಿದರೆ ಕ್ರಾನಿಕ್. ಭೇದಿ 14 ದಿನದೊಳಗೆ ನಿಂತರೆ ‘ಅಕ್ಯೂಟ್’, 14 ದಿನ ಅಥವಾ ಹೆಚ್ಚು ನಡೆದರೆ ‘ಪರ್ಸಿಸ್ಟೆಂಟ್’. ಎರಡು ವಾರ ದಾಟಿದ ಭೇದಿಯನ್ನು ಅವಸರದಲ್ಲಿ ‘ಕ್ರಾನಿಕ್’ ಎಂದು ಬರೆದರೆ ವೈದ್ಯರು ಬೇರೆ ಕಾರಣಗಳನ್ನು ಹುಡುಕಲು ಹೋಗುತ್ತಾರೆ.

ಇದಕ್ಕಿಂತ ದೊಡ್ಡ ಹಳ್ಳ ‘ಅಕ್ಯೂಟ್’. ಕನ್ನಡದಲ್ಲಿ ‘ತೀವ್ರ’ ಎಂದು ಮಾಡುವುದರಿಂದ ಅದು ಗಂಭೀರತೆಯ ಪದ ಎಂದೇ ಎಲ್ಲರೂ ತಿಳಿದಿದ್ದಾರೆ. ಕಾಯಿಲೆಯ ಜೊತೆ ಬಂದಾಗ ಅದು ಕಾಲದ ಪದ: ಹಠಾತ್ತಾಗಿ ಶುರುವಾಗಿ ಕಡಿಮೆ ಕಾಲ ನಡೆಯುವುದು. ನೆಗಡಿಯೂ ಅಕ್ಯೂಟ್. ಗಂಭೀರ ಎನ್ನಲು ‘ಸಿವಿಯರ್’ ಬೇರೆಯೇ ಇದೆ. ಸಾರ್ಸ್ ಎಂಬ ಹೆಸರಿನಲ್ಲಿ ಸಿವಿಯರ್, ಅಕ್ಯೂಟ್ ಎರಡೂ ಪಕ್ಕಪಕ್ಕದಲ್ಲಿವೆ.

ಅಂಗನವಾಡಿ ವರದಿಗಳಲ್ಲಿ ಇದು ಸೀದಾ ಲೆಕ್ಕವನ್ನೇ ಕೆಡಿಸುತ್ತದೆ. ಸ್ಯಾಮ್ ಎಂದರೆ ‘ಸಿವಿಯರ್ ಅಕ್ಯೂಟ್ ಮಾಲ್‌ನ್ಯೂಟ್ರಿಷನ್’: ಎತ್ತರಕ್ಕೆ ತಕ್ಕ ತೂಕ ಮೈನಸ್ 3 ಎಸ್‌ಡಿಗಿಂತ (ಸ್ಟ್ಯಾಂಡರ್ಡ್ ಡೀವಿಯೇಷನ್, ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆ) ಕೆಳಗೆ, ಅಥವಾ ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ, ಅಥವಾ ಎರಡೂ ಪಾದದಲ್ಲಿ ಬಾವು. ಮ್ಯಾಮ್ ಎಂದರೆ ‘ಮಾಡರೇಟ್ ಅಕ್ಯೂಟ್’, ತೋಳಿನ ಅಳತೆ 115ರಿಂದ 125ರ ಒಳಗೆ. ಅಕ್ಯೂಟ್ ಎಂದರೆ ‘ತೀವ್ರ’ ಆಗಿದ್ದರೆ ‘ಸಾಧಾರಣ ತೀವ್ರ’ ಎಂಬ ವಿಚಿತ್ರ ಹುಟ್ಟುತ್ತದೆ, ಮತ್ತು ಹುಟ್ಟಿಯೂ ಇದೆ. ವಯಸ್ಸಿಗೆ ತಕ್ಕ ಎತ್ತರವೇ ಇಲ್ಲದಿದ್ದರೆ ಅದು ಬಹುಕಾಲದ ಕೊರತೆ, ಅಂದರೆ ಕ್ರಾನಿಕ್. ‘ತೀವ್ರ ಅಪೌಷ್ಟಿಕತೆ’ ಎಂಬ ಕಾಲಂ ಕಂಡರೆ ಯಾವ ಅಳತೆ ಹಿಡಿದಿದ್ದಾರೆ ಎಂದು ಕೇಳಿ, ಆಮೇಲೆ ಇಂಗ್ಲಿಷ್ ಬರೆಯಿರಿ.

ತಾನಾಗಿ ಬಂದು ತಾನಾಗಿ ಹೋಗುವುದು ‘ಟ್ರಾನ್ಸಿಯೆಂಟ್’. ಮೆದುಳಿಗೆ ರಕ್ತ ಸ್ವಲ್ಪ ಹೊತ್ತು ತಡೆದು ಮಾತು ತೊದಲಿ ಸರಿಹೋಗುವ ಟಿಐಎಯಲ್ಲಿ ‘ಟಿ’ ಅದೇ. ಇಲ್ಲಿ ಟೆಂಪರರಿ ಬರುವುದಿಲ್ಲ, ಯಾರೂ ಅದನ್ನು ಇಷ್ಟು ಹೊತ್ತು ಎಂದು ಇಟ್ಟದ್ದಲ್ಲ. ಆದರೆ ಸರಿಹೋಯಿತು ಎಂದು ಸುಮ್ಮನಿರುವ ವಿಷಯವೂ ಅಲ್ಲ, ಪಾರ್ಶ್ವವಾಯುವಿನ ಮುನ್ಸೂಚನೆ ಅದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅನುವಾದದಲ್ಲಿ ‘ಕ್ಷಣಿಕ’ ಎಂದು ಹಗುರ ಮಾಡಬೇಡಿ.

---

ಸರ್ವರ್ ರೂಮ್

ಟ್ರಾನ್ಸಿಯೆಂಟ್ ನಮ್ಮಲ್ಲಿಯೂ ಉಂಟು. ಇಮೇಲ್ ತಿರುಗಿ ಬಂದಾಗ ಇರುವ ಕೋಡ್ 4ರಿಂದ ಶುರುವಾದರೆ ಅದರ ಅಧಿಕೃತ ಹೆಸರು ‘ಪರ್ಸಿಸ್ಟೆಂಟ್ ಟ್ರಾನ್ಸಿಯೆಂಟ್ ಫೇಲ್ಯೂರ್’, 5ರಿಂದಾದರೆ ‘ಪರ್ಮನೆಂಟ್’. ಮೊದಲನೆಯದು ತಮಾಷೆಯಂತೆ ಕಂಡರೂ ಸರಿ ಇದೆ: ಅಡಚಣೆ ಇನ್ನೂ ಪಟ್ಟು ಬಿಟ್ಟಿಲ್ಲ, ಆದರೆ ಆಮೇಲೆ ಮತ್ತೆ ಕಳಿಸಿದರೆ ಹೋಗಬಹುದು. ಕಳಿಸುವ ಸರ್ವರ್ ಸಾಮಾನ್ಯವಾಗಿ 4–5 ದಿನ ಪ್ರಯತ್ನಿಸಬೇಕು ಎಂದು ಮಾನಕ ಹೇಳುತ್ತದೆ. 5 ಬಂದರೆ ಹಾಗೇ ಮತ್ತೆ ಕಳಿಸಿ ಫಲವಿಲ್ಲ, ವಿಳಾಸ ಸರಿ ಇದೆಯೇ ನೋಡಿ.

‘ಎಫೆಮೆರಲ್’ ಎಂದರೆ ಕೆಲಸ ಮುಗಿದೊಡನೆ ಗುರುತಿಲ್ಲದೆ ಹೋಗಬೇಕು ಎಂದೇ ಮಾಡಿದ್ದು. ಲಿನಕ್ಸ್‌ನಲ್ಲಿ ಸಂಪರ್ಕಕ್ಕೆ ಒಂದು ಸಲಕ್ಕೆಂದು ಎತ್ತಿಕೊಳ್ಳುವ ಎಫೆಮೆರಲ್ ಪೋರ್ಟುಗಳು, ಅಂದರೆ ಸಂಪರ್ಕದ ಗುರುತಿನ ಸಂಖ್ಯೆಗಳು, ಮಾಮೂಲಿಯಾಗಿ 32768ರಿಂದ 60999. ಎಫೆಮೆರಲ್ ಸ್ಟೋರೇಜ್‌ನಲ್ಲಿ ಡೇಟಾಬೇಸ್ ಇಟ್ಟು ಕಳೆದುಕೊಳ್ಳುವವರು ಅದನ್ನು ‘ಟೆಂಪರರಿ’ ಎಂದು ಓದಿಕೊಂಡಿರುತ್ತಾರೆ, ಅಳಿಸುವ ಮೊದಲು ಕೇಳುತ್ತದೆ ಎಂಬ ನಂಬಿಕೆಯಲ್ಲಿ. ಕೇಳುವುದಿಲ್ಲ.

---

ತೀರ್ಥಹಳ್ಳಿ ಮೇಷ್ಟ್ರು

ಹಳ್ಳಗಳಿಗೂ ಎಫೆಮೆರಲ್ ಇದೆ. ಮಳೆ ಬಿದ್ದಾಗ ಮಾತ್ರ ಹರಿಯುವ, ಅಂತರ್ಜಲ ತಳಕ್ಕೆ ಮುಟ್ಟದ ಬಯಲುಸೀಮೆಯ ಹಳ್ಳ ‘ಎಫೆಮೆರಲ್’. ಅಂತರ್ಜಲ ಏರಿದ ತಿಂಗಳುಗಳಲ್ಲಿ ಹರಿದು ಬೇಸಿಗೆಯಲ್ಲಿ ಬತ್ತುವುದು ‘ಇಂಟರ್ಮಿಟೆಂಟ್’. ವರ್ಷಪೂರ್ತಿ ಹರಿಯುವುದು ‘ಪೆರೆನಿಯಲ್’. ಆದರೆ ‘ಸರ್ವಋತು ರಸ್ತೆ’ಗೆ ‘ಪೆರೆನಿಯಲ್ ರೋಡ್’ ಎಂದು ಹಾಕಬೇಡಿ, ಅದು ‘ಆಲ್-ವೆದರ್’. ಗಿಡಗಳಲ್ಲಿ ಪೆರೆನಿಯಲ್ ಎಂದರೆ ಎರಡು ವರ್ಷಕ್ಕಿಂತ ಹೆಚ್ಚು ಬದುಕುವುದು. ಕಲಬುರಗಿಯ ತೊಗರಿ ಸ್ವಭಾವತಃ ಪೆರೆನಿಯಲ್, ನಾವು ಬೆಳೆಯುವುದು ಮಾತ್ರ ಒಂದು ವರ್ಷದ ಬೆಳೆಯಾಗಿ. ಸಮಸ್ಯೆಗೆ ಈ ಪದ ಹಾಕಿದರೆ ‘ಪ್ರತಿವರ್ಷ ತಪ್ಪದೆ ಬರುವ’ ಎಂಬ ಛಾಯೆ.

ಮೇಡಂ ಹೇಳಿದ ‘ಫ್ರೀಕ್ವೆಂಟ್’ಗೆ ಒಪ್ಪಿದೆ.

---

ಕಡತಮಿತ್ರ

ತಿದ್ದಿದ ಕರಡು: 1 ಪ್ರೊವಿಜನಲ್, 2 ಟೆಂಪರರಿ, 3 ಇಂಟೆರಿಮ್ ಸ್ಟೇ (ಆದೇಶದ ಪ್ರತಿ ನೋಡಿಯಾಯಿತು, ಎದುರು ಪಕ್ಷವೂ ಹಾಜರಿತ್ತು), 4 ಆಕ್ಟಿಂಗ್, 5 ಲಾಂಗ್-ಸ್ಟ್ಯಾಂಡಿಂಗ್, 6 ಕ್ರಾನಿಕ್, 7 ಥರ್ಡ್ ಕನ್ಸೆಕ್ಯುಟಿವ್ ಇಯರ್, 8 ಫ್ರೀಕ್ವೆಂಟ್ ಇಂಟರಪ್ಷನ್ಸ್. ಅದೇ ಟಿಪ್ಪಣಿಯಲ್ಲಿ ‘ಎರಡು ವರ್ಷಗಳ ತರಬೇತಿ’ ಎಂದೂ ಇದೆ. ‘ಟೂ ಇಯರ್ಸ್ ಟ್ರೈನಿಂಗ್’ ಎಂದು ಹಾಕಿದ್ದೇವೆ.

---

ಧಾರವಾಡದ ಅನುವಾದಕಿ

‘ಟೂ-ಇಯರ್ ಟ್ರೈನಿಂಗ್ ಪ್ರೋಗ್ರಾಂ’. ಸಂಖ್ಯೆ ಮತ್ತು ಕಾಲ ಸೇರಿ ವಿಶೇಷಣವಾಗಿ ನಾಮಪದದ ಮುಂದೆ ಕುಳಿತಾಗ ನಡುವೆ ಅಡ್ಡಗೆರೆ, ಕೊನೆಗೆ ‘ಎಸ್’ ಇಲ್ಲ. ಪಂಚವಾರ್ಷಿಕ ಯೋಜನೆಯನ್ನು ಯಾರೂ ‘ಫೈವ್ ಇಯರ್ಸ್ ಪ್ಲ್ಯಾನ್’ ಎನ್ನುವುದಿಲ್ಲವಲ್ಲ, ಅದೇ ಅಚ್ಚು. ಪ್ರೋಗ್ರಾಂ ಎಂಬ ಪದ ಬೇಡ, ಬರೀ ಟ್ರೈನಿಂಗ್ ಸಾಕು ಎಂದಾದರೆ ‘ಟೂ ಇಯರ್ಸ್ ಟ್ರೈನಿಂಗ್’ ಎಂದಿಡಬಹುದು, ಆದರೆ ‘ಎಸ್’ ಆದಮೇಲೆ ಅಪಾಸ್ಟ್ರಫಿ ಹಾಕಬೇಕು. ‘ಎರಡು ವರ್ಷ ಸಜೆ’ ಬರೆಯುವಾಗಲೂ ಹಾಗೇ.

ಮತ್ತೆ ಮೂರನೆಯದರಲ್ಲಿ ‘ಇಂಟೆರಿಮ್’ ಇಟ್ಟಮೇಲೆ ಅದರ ಕೆಳಗಿನ ಸಾಲಿನಲ್ಲಿ ‘ಕಾಮಗಾರಿ ತಾತ್ಕಾಲಿಕವಾಗಿ ನಿಂತಿದೆ’ ಎಂದಿರುತ್ತದೆ ನೋಡಿ. ಅಲ್ಲಿ ‘ಟೆಂಪರರಿಲಿ’ ಸರಿಯೇ, ಅದನ್ನೂ ತಿದ್ದಲು ಹೋಗಬೇಡಿ.